ಬೆನ್ನು ಬಾಗಿಸದ ಸೈಕಲ್: ಮನೆಮಂದಿಯ ಓಡಾಟಕ್ಕೆ ಸರಿಯಾದುದನ್ನು ಆರಿಸುವ ಬಗೆ

ಸೈಕಲ್ ಅಂಗಡಿಗೆ ಹೋದರೆ ಮುಂದಿನ ಸಾಲಿನಲ್ಲಿ ನಿಂತಿರುವುದು ದಪ್ಪ ಟಯರಿನ, ಮುಂದೆ ಶಾಕ್ ಅಬ್ಸಾರ್ಬರ್ ಇರುವ, ಡಿಸ್ಕ್ ಬ್ರೇಕಿನ ಗೇರ್ ಸೈಕಲ್. ಮನೆಯವರೆಲ್ಲ ಓಡಿಸೋಣ ಎಂದು ಕೇಳಿದರೂ ಅದನ್ನೇ ತೋರಿಸುತ್ತಾರೆ. ಆ ಸೈಕಲ್ಲಿನ ಹ್ಯಾಂಡಲ್ ನೆಟ್ಟಗಿನ ಕೋಲು. ಅದು ಸೀಟಿನ ಮಟ್ಟಕ್ಕೋ ಅದಕ್ಕಿಂತ ಕೆಳಗೋ ಇರುತ್ತದೆ. ಕೂತವರ ಮೈಭಾರದ ಒಂದು ಪಾಲು ಅಂಗೈ ಮೇಲೆ ಬೀಳುತ್ತದೆ, ರಸ್ತೆ ನೋಡಲು ಕತ್ತು ಹಿಂದಕ್ಕೆ ಮಡಿಸಬೇಕಾಗುತ್ತದೆ. ಇಪ್ಪತ್ತು ನಿಮಿಷಕ್ಕೆ ಕಿರುಬೆರಳು ಜುಮ್ಮೆನ್ನುತ್ತದೆ, ತಿಂಗಳೊಳಗೆ ಸೈಕಲ್ ಬಟ್ಟೆ ಒಣಹಾಕುವ ಸಾಧನವಾಗುತ್ತದೆ.

ಮೈ ಬಾಗಿಸುವುದು ಗಾಳಿಯನ್ನು ಸೀಳಲು. ತರಕಾರಿ ತರಲು, ಮಗುವನ್ನು ಶಾಲೆಗೆ ಬಿಡಲು, ಸಂಜೆ ಕೆರೆ ಏರಿ ಸುತ್ತಲು ಹೋಗುವವರ ವೇಗ ಗಂಟೆಗೆ 12ರಿಂದ 15 ಕಿ.ಮೀ. ಆ ವೇಗದಲ್ಲಿ ಗಾಳಿಯ ತಡೆ ಅಷ್ಟಾಗಿ ಕಾಡುವುದಿಲ್ಲ. ಆದ್ದರಿಂದ ಬಾಗಿ ಕೂತರೆ ನೋವಷ್ಟೇ ಲಾಭ.

ಇದಕ್ಕೆ ಉತ್ತರ ನಮ್ಮಲ್ಲಿ ಮೊದಲಿನಿಂದಲೂ ಇತ್ತು: ಹಾಲಿನವರ, ಅಂಚೆಯವರ ಕರಿ ಸೈಕಲ್. ಇಂಗ್ಲೆಂಡಿನಿಂದ ಬಂದ ರೋಡ್‌ಸ್ಟರ್ ಮಾದರಿ ಅದು. ನೆದರ್‌ಲ್ಯಾಂಡ್ಸಿನವರು ಅದೇ ಕುಲದ ಸೈಕಲ್ಲನ್ನು ಓಮಾಫೀಟ್ಸ್, ಅಂದರೆ ಅಜ್ಜಿ ಸೈಕಲ್, ಎಂದು ಕರೆದು ಇಂದಿಗೂ ದಿನಬಳಕೆಗೆ ಇಟ್ಟುಕೊಂಡಿದ್ದಾರೆ. ಕಾಲೇಜು ಹುಡುಗರೂ ಅದನ್ನೇ ತುಳಿಯುತ್ತಾರೆ. ಕರಿ ಸೈಕಲ್ಲಿನ ಕೂರುವ ಭಂಗಿಗೆ ಸಾಟಿ ಇಲ್ಲ. ದೋಷವಿರುವುದು ಬೇರೆ ಕಡೆ: ತೂಕ 20 ಕಿಲೋ ಆಸುಪಾಸು, ಕೇಬಲ್ಲಿನ ಬದಲು ಕಂಬಿಯಿಂದ ಎಳೆಯುವ ಬ್ರೇಕು ಮಳೆಯಲ್ಲಿ ಹಿಡಿಯದು, ಸೀಟಿನಿಂದ ಹ್ಯಾಂಡಲ್ಲಿನ ಕಡೆಗೆ ಹೋಗುವ ಅಡ್ಡ ಬಾರು ಎತ್ತರ. ನೀವು ಹುಡುಕಬೇಕಾದದ್ದು ಆ ಭಂಗಿಯನ್ನು, ಒಳ್ಳೆಯ ಬ್ರೇಕು ಮತ್ತು ಹಗುರ ರಿಮ್ಮಿನ ಜೊತೆಗೆ.

ಮೊದಲು ಮನೆಯಲ್ಲೇ ಅಳತೆ

ಅಂಗಡಿಗೆ ಹೋಗುವ ಮುನ್ನ ಓಡಿಸುವ ಪ್ರತಿಯೊಬ್ಬರ ಒಳಗಾಲಿನ ಅಳತೆ ತೆಗೆಯಿರಿ. ಚಪ್ಪಲಿ ಬಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಗೇಣಿನಷ್ಟು ಜಾಗ ಬಿಟ್ಟು ನಿಲ್ಲಬೇಕು. ಒಂದು ದಪ್ಪ ರಟ್ಟಿನ ಪುಸ್ತಕವನ್ನು ತೊಡೆಗಳ ನಡುವೆ, ಸೀಟಿನ ಮೇಲೆ ಕೂತಂತೆ ಒತ್ತುವವರೆಗೆ ಮೇಲಕ್ಕೆಳೆದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಿರಿ. ಬಂದ ಸೆಂಟಿಮೀಟರನ್ನು 0.883ರಿಂದ ಗುಣಿಸಿದರೆ ಪೆಡಲಿನ ತೋಳುಗಳು ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ ಸಿಗುತ್ತದೆ. ಒಳಗಾಲು 76 ಸೆಂ.ಮೀ. ಇದ್ದವರಿಗೆ ಅದು 67. ಈ ಲೆಕ್ಕ ಓಟದ ಸೈಕಲ್ಲಿನವರದು. ಪೇಟೆ ಬೀದಿಯಲ್ಲಿ ನಿಂತು ನಿಂತು ಹೋಗುವವರು ಇದಕ್ಕಿಂತ ಒಂದೆರಡು ಸೆಂ.ಮೀ. ಕಡಿಮೆ ಇಟ್ಟರೆ ಕಾಲೂರಲು ಸುಲಭ.

ಈ ಒಂದು ಅಂಕೆ ಕೈಯಲ್ಲಿದ್ದರೆ ಅಂಗಡಿಯ ಅರ್ಧ ಸೈಕಲ್ಲುಗಳು ಆಟದಿಂದ ಹೊರಗೆ. 24 ಇಂಚಿನ ಫ್ರೇಮಿನ ಕರಿ ಸೈಕಲ್ಲಿನ ಸೀಟಿನ ಕೊಳವೆಯೇ 61 ಸೆಂ.ಮೀ. ಅದರ ಮೇಲೆ ಸ್ಪ್ರಿಂಗ್ ಸೀಟು ಕೂರಿಸಿದರೆ ಎಷ್ಟೇ ತಗ್ಗಿಸಿದರೂ 70ರ ಹತ್ತಿರ ಬರುತ್ತದೆ. ಅಂದರೆ ಒಳಗಾಲು 80 ಸೆಂ.ಮೀ. ಇಲ್ಲದವರಿಗೆ ಅದು ಆಗಿಬರುವುದಿಲ್ಲ. ಹಿಂದೆಲ್ಲ ಮಕ್ಕಳು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದುದು ಚಂದಕ್ಕಲ್ಲ. ಕರಿ ಸೈಕಲ್ಲೇ ಬೇಕೆಂದರೆ 22 ಇಂಚಿನ ಫ್ರೇಮ್ ಕೇಳಿ.

ಆದರೆ ಮನೆಯ ಮೂರು ಜನ ಒಂದೇ ಸೈಕಲ್ ಹಂಚಿಕೊಳ್ಳುವುದಾದರೆ ಅಡ್ಡ ಬಾರು ಇಲ್ಲದ ತಗ್ಗು ಫ್ರೇಮೇ ಸರಿ. ಅಂಗಡಿಯವರ ಬಾಯಲ್ಲಿ ಅದು ‘ಲೇಡೀಸ್ ಸೈಕಲ್’. ಈ ಹೆಸರೊಂದರಿಂದಲೇ ಎಷ್ಟೋ ಗಂಡಸರು ತಮಗೆ ಚೆನ್ನಾಗಿ ಒಗ್ಗುವ ಸೈಕಲ್ಲನ್ನು ಮುಟ್ಟುವುದಿಲ್ಲ. ಸೀರೆ, ಪಂಚೆ, ಲುಂಗಿ ಯಾವುದಕ್ಕೂ ಅದು ಅಡ್ಡಿಯಿಲ್ಲ. ಮಂಡಿ ನೋವಿನ ಹಿರಿಯರು ಕಾಲನ್ನು ಹಿಂದಿನಿಂದ ಎತ್ತಿ ಹಾಯಿಸಬೇಕಿಲ್ಲ. ಇದೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಹಿಂದೆ ಮಗು ಕೂತಿದ್ದಾಗ ಕಾಲು ಹಿಂದಿನಿಂದ ಬೀಸಿ ಹತ್ತಲು ಆಗುವುದೇ ಇಲ್ಲ, ಬೀಸಿದರೆ ಮಗುವಿನ ಮುಖಕ್ಕೇ ಒದೆ. ಸೀಟಿನ ಪಿನ್ನು, ಅಂದರೆ ಸೀಟನ್ನು ಹೊತ್ತ ಕೊಳವೆ, ಹತ್ತು ಸೆಂ.ಮೀ. ಮೇಲೆ ಕೆಳಗೆ ಆಡುವಂತಿದ್ದರೆ 150ರಿಂದ 170 ಸೆಂ.ಮೀ. ಎತ್ತರದವರೆಲ್ಲ ಅದನ್ನೇ ಓಡಿಸಬಹುದು. ಪಿನ್ನಿನ ಮೇಲೆ ಒಬ್ಬೊಬ್ಬರ ಮಟ್ಟಕ್ಕೆ ಒಂದೊಂದು ಬಣ್ಣದ ಉಗುರುಬಣ್ಣದ ಗೆರೆ ಎಳೆದಿಟ್ಟರೆ ದಿನಾ ಅಳೆಯುವ ಕೆಲಸ ತಪ್ಪುತ್ತದೆ. ಪಿನ್ನಿನಲ್ಲಿ ಕೊರೆದಿರುವ ಕನಿಷ್ಠ ಆಳದ ಗುರುತು ಮಾತ್ರ ಎಂದೂ ಹೊರಗೆ ಕಾಣಬಾರದು. ಕಂಡರೆ ಪಿನ್ನು ಬಾಗುತ್ತದೆ, ಇಲ್ಲವೇ ಫ್ರೇಮಿನ ಕೊಳವೆ ಸೀಳುತ್ತದೆ.

ಹ್ಯಾಂಡಲ್

ಆರಾಮದ ಮುಕ್ಕಾಲು ಪಾಲು ಇಲ್ಲಿದೆ. ಸೀಟನ್ನು ನಿಮ್ಮ ಮಟ್ಟಕ್ಕೆ ಇರಿಸಿದ ಮೇಲೆ ಹ್ಯಾಂಡಲ್ಲಿನ ಹಿಡಿಗಳು ಅದಕ್ಕಿಂತ 5ರಿಂದ 10 ಸೆಂ.ಮೀ. ಮೇಲಿರಬೇಕು. ಹಿಡಿಗಳು ಅಡ್ಡಡ್ಡ ಚಾಚಿರದೆ ನಿಮ್ಮ ಕಡೆಗೆ ಬಾಗಿ ಬಂದಿರಬೇಕು. ಕೈಯನ್ನು ಸುಮ್ಮನೆ ಮುಂದೆ ಚಾಚಿದಾಗ ಮುಷ್ಟಿ ಹೇಗೆ ನಿಲ್ಲುತ್ತದೋ ಹಾಗೆ. ನೆಟ್ಟಗಿನ ಕೋಲು ಮಣಿಕಟ್ಟನ್ನು ಹೊರಕ್ಕೆ ತಿರುಚುತ್ತದೆ.

ಪರೀಕ್ಷೆ ಸುಲಭ. ಸೈಕಲ್ಲನ್ನು ಜೋಡಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಒಬ್ಬರನ್ನು ಹಿಡಿದುಕೊಳ್ಳಲು ಹೇಳಿ, ಕೂತು ಹ್ಯಾಂಡಲ್ ಹಿಡಿಯಿರಿ. ಮೊಣಕೈ ತುಸು ಮಡಿಸಿರಲಿ. ಈಗ ಎರಡೂ ಕೈಗಳನ್ನು ಒಟ್ಟಿಗೆ ಎತ್ತಿ. ಮೈ ಮುಂದಕ್ಕೆ ಮುಗ್ಗರಿಸದೆ ಹಾಗೇ ನಿಂತರೆ ಭಂಗಿ ಸರಿ. ಮುಂದಕ್ಕೆ ಬಿದ್ದಂತಾದರೆ ಅಷ್ಟೂ ಭಾರ ಅಂಗೈ ಹೊರುತ್ತಿತ್ತು ಎಂದರ್ಥ. ಆಮೇಲೆ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ, ಹಿಡಿ ಮಂಡಿಗೆ ತಾಗುತ್ತದೆಯೇ ನೋಡಿ. ತಾಗಿದರೆ ಸಣ್ಣ ಓಣಿಯಲ್ಲಿ ತಿರುಗಿಸುವಾಗ ಬೀಳುವುದು ಖಚಿತ.

ಹ್ಯಾಂಡಲ್ ಎತ್ತರಿಸಲು ಬರುತ್ತದೆಯೋ ಇಲ್ಲವೋ ಎಂಬುದು ಅದನ್ನು ಸೈಕಲ್ಲಿಗೆ ಸೇರಿಸುವ ಕುತ್ತಿಗೆಯ (ಸ್ಟೆಮ್) ಮೇಲಿದೆ. ಹಳೆಯ ಬಗೆಯಲ್ಲಿ ಕುತ್ತಿಗೆಯ ನೆತ್ತಿಯ ಮೇಲೆ ಒಂದು ಉದ್ದ ಬೋಲ್ಟು ಇರುತ್ತದೆ. ಅದನ್ನು ನಾಲ್ಕೈದು ಸುತ್ತು ಸಡಿಲಿಸಿ, ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರೆ ಒಳಗಿನ ಬೆಣೆ ಕಳಚುತ್ತದೆ, ಹ್ಯಾಂಡಲ್ ಮೇಲೆ ಬರುತ್ತದೆ. ಇಲ್ಲೂ ಕನಿಷ್ಠ ಆಳದ ಗುರುತು ಒಳಗೇ ಉಳಿಯಬೇಕು. ಬೋಲ್ಟು ಪೂರ್ತಿ ಬಿಚ್ಚಿದರೆ ಬೆಣೆ ಒಳಗೆ ಬಿದ್ದು ಕೆಲಸ ಹೆಚ್ಚುತ್ತದೆ. ಹೊಸ ಬಗೆಯಲ್ಲಿ ಫೋರ್ಕಿನ, ಅಂದರೆ ಮುಂದಿನ ಚಕ್ರ ಹಿಡಿದಿರುವ ಕವಲಿನ, ಕೊಳವೆಗೆ ಹೊರಗಿನಿಂದ ಎರಡು ಅಡ್ಡ ಬೋಲ್ಟುಗಳು ಬಿಗಿದಿರುತ್ತವೆ. ಕಾರ್ಖಾನೆಯಲ್ಲಿ ಕತ್ತರಿಸಿದ ಎತ್ತರವೇ ಅದರ ಎತ್ತರ. ಬೇರೆ ಕುತ್ತಿಗೆ ಹಾಕದೆ ಹೆಚ್ಚು ಏರಿಸಲಾಗದು. ಸಂಸಾರದ ಸೈಕಲ್ಲಿಗೆ ಹಳೆಯದೇ ಮೇಲು.

ಒಂದೇ ಕಂಪನಿಯ ಒಂದೇ ಹೆಸರಿನ ಲೇಡೀಸ್ ಸೈಕಲ್ ಒಂದು ಮಾದರಿಯಲ್ಲಿ ಬಾಗಿದ ಹ್ಯಾಂಡಲ್ ಹೊತ್ತು ಬಂದರೆ ಇನ್ನೊಂದರಲ್ಲಿ ನೆಟ್ಟಗಿನ ಕೋಲಿನ ಜೊತೆ ಬರಬಹುದು. ಹೆಸರು ಬಿಡಿ, ಹ್ಯಾಂಡಲ್ ನೋಡಿ.

ಸೀಟು

ನೆಟ್ಟಗೆ ಕೂತಾಗ ಭಾರವೆಲ್ಲ ಕುಂಡೆಯ ಎರಡು ಮೂಳೆಗಳ ಮೇಲೆ. ಆದ್ದರಿಂದ ಸೀಟು ಅಗಲವಾಗಿರಬೇಕು, ಕೆಳಗೆ ಸ್ಪ್ರಿಂಗ್ ಇದ್ದರೆ ಇನ್ನೂ ಒಳ್ಳೆಯದು. ಎಷ್ಟು ಅಗಲ? ಗಟ್ಟಿ ಸ್ಟೂಲಿನ ಮೇಲೆ ಪೆಟ್ಟಿಗೆಯ ಅಲೆಅಲೆ ರಟ್ಟಿನ ತುಂಡಿಟ್ಟು, ಹಿಮ್ಮಡಿ ಎತ್ತಿ ಅರ್ಧ ನಿಮಿಷ ಕೂರಿ. ಎದ್ದು ನೋಡಿದರೆ ಎರಡು ಗುಳಿ ಬಿದ್ದಿರುತ್ತವೆ. ಅವುಗಳ ನಡುವಿನ ದೂರಕ್ಕೆ ನಾಲ್ಕೈದು ಸೆಂ.ಮೀ. ಸೇರಿಸಿದರೆ ನಿಮ್ಮ ಸೀಟಿನ ಹಿಂಭಾಗದ ಕನಿಷ್ಠ ಅಗಲ.

ಬೆರಳಿಟ್ಟರೆ ಒಳಗಿಳಿಯುವ ಮೆತ್ತನೆಯ ಜೆಲ್ ಸೀಟು ಅಂಗಡಿಯಲ್ಲಿ ಸುಖ, ಅರ್ಧ ಗಂಟೆ ಕಳೆದರೆ ಶಿಕ್ಷೆ. ಮೂಳೆ ಒಳಗಿಳಿದು ನಡುವಿನ ಭಾಗ ಉಬ್ಬಿ ನರಗಳನ್ನು ಒತ್ತುತ್ತದೆ. ತುಸು ಗಟ್ಟಿ ಇರುವುದನ್ನೇ ಕೊಳ್ಳಿ. ಸೀಟಿನ ಮೂತಿ ಸಮವಾಗಿರಲಿ, ಅಥವಾ ಕೂದಲೆಳೆಯಷ್ಟು ಮೇಲಿರಲಿ. ಮೂತಿ ಕೆಳಗಿದ್ದರೆ ಮೈ ಜಾರುತ್ತದೆ, ಜಾರುವುದನ್ನು ಕೈ ತಡೆಯಬೇಕಾಗುತ್ತದೆ, ಮತ್ತೆ ಅಂಗೈ ನೋವು. ಬಹಳ ಜನ ಹ್ಯಾಂಡಲ್ಲನ್ನು ಬೈಯುವ ನೋವಿಗೆ ಕಾರಣ ಸೀಟಿನ ಈ ಒಂದು ನಟ್ಟು.

ಚಕ್ರ, ಬ್ರೇಕು, ಹಲ್ಲು

ಅಗ್ಗದ ಶಾಕ್ ಅಬ್ಸಾರ್ಬರ್ ತೂಕ ಹೆಚ್ಚಿಸುತ್ತದೆ, ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಅಲ್ಲಾಡದೆ ನಿಲ್ಲುತ್ತದೆ. ನಮ್ಮ ಗುಂಡಿಗಳಿಗೆ 37ರಿಂದ 47 ಮಿ.ಮೀ. ಅಗಲದ ಟಯರು ಮತ್ತು ಸ್ಪ್ರಿಂಗ್ ಸೀಟು ಸಾಕು. ಗಾಳಿ 45 ಪಿಎಸ್‌ಐ ಸುಮಾರು, ಹಿಂದೆ ಮಗು ಇದ್ದರೆ ಹಿಂದಿನ ಚಕ್ರಕ್ಕೆ ಐದು ಹೆಚ್ಚು. ಟಯರಿನ ಪಕ್ಕೆಯಲ್ಲಿ ಬರೆದ ಮಿತಿ ದಾಟಬೇಡಿ.

ಟಯರ್ ಕೊಳ್ಳುವಾಗ ‘26 ಇಂಚು’ ಎಂದಷ್ಟೇ ಹೇಳಿದರೆ ಮೋಸಹೋಗುತ್ತೀರಿ. ಲೇಡೀಸ್ ಸೈಕಲ್ಲಿನ 26 x 1⅜ ಟಯರಿನ ರಿಮ್ಮು 590 ಮಿ.ಮೀ. ಅಳತೆಯದು, ಗೇರ್ ಸೈಕಲ್ಲಿನ 26 x 1.95 ಟಯರಿನದು 559. ಒಂದರದು ಇನ್ನೊಂದಕ್ಕೆ ಕೂರುವುದೇ ಇಲ್ಲ. ಕರಿ ಸೈಕಲ್ಲಿನ 28 x 1½ ಟಯರಿಗೆ 635 ಮಿ.ಮೀ. ರಿಮ್ಮು. ಪಕ್ಕೆಯ ಮೇಲೆ ಅಚ್ಚಾಗಿರುವ ಈ ಮೂರಂಕಿಯನ್ನು ಬರೆದುಕೊಂಡು ಹೋಗಿ.

ಬ್ರೇಕಿನ ವಿಷಯದಲ್ಲಿ ರಾಜಿ ಬೇಡ. ಹೊಳೆಯುವ ಕ್ರೋಮಿನ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಜಾರುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಯೂಮಿನಿಯಂ ರಿಮ್ಮು ಮತ್ತು ವಿ-ಬ್ರೇಕ್ (ಎರಡು ಉದ್ದ ತೋಳುಗಳು ರಿಮ್ಮನ್ನು ಎರಡೂ ಬದಿಯಿಂದ ಒತ್ತುವ ಕೇಬಲ್ ಬ್ರೇಕು) ಇರುವುದನ್ನು ಆರಿಸಿ. ಡ್ರಮ್ ಬ್ರೇಕ್ ಸಿಕ್ಕಿದರೆ ಮಳೆಗೆ ಅದಿನ್ನೂ ನಿಶ್ಚಿಂತೆ. ಅಗ್ಗದ ಡಿಸ್ಕು ಬೇಡ: ತಟ್ಟೆ ತುಸು ಬಾಗಿದರೂ ಉಜ್ಜಿ ಕಿರಗುಟ್ಟುತ್ತದೆ, ಕ್ಯಾರಿಯರಿನ ಕಾಲು ಕೂರಿಸಲು ತಟ್ಟೆಯನ್ನು ಕಚ್ಚುವ ಕ್ಯಾಲಿಪರ್ ಅಡ್ಡ ಬರುತ್ತದೆ. ಲಿವರ್ ಪೂರ್ತಿ ಹಿಡಿದಾಗ ಅದಕ್ಕೂ ಹ್ಯಾಂಡಲ್ಲಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಬೇಕು.

ಗೇರು ಬೇಕೇ? ಮೈಸೂರಿನಂಥ ಊರಿನ ಹೆಚ್ಚಿನ ಬೀದಿಗಳಿಗೆ ಬೇಡ. ಏರಿದ್ದರೂ ಒಂದು ಅಗ್ಗದ ಉಪಾಯವಿದೆ. ಮುಂದಿನ ಹಲ್ಲುಚಕ್ರ 44 ಹಲ್ಲಿನದು, ಹಿಂದಿನ ಫ್ರೀವೀಲ್ 18 ಹಲ್ಲಿನದು ಎನ್ನಿ. ಒಂದು ಸುತ್ತು ತುಳಿದರೆ 28 ಇಂಚಿನ ಚಕ್ರ ಐದೂವರೆ ಮೀಟರ್ ಹೋಗುತ್ತದೆ. ಮಗು ಹೊತ್ತು ಏರು ಹತ್ತುವವರಿಗೆ ಇದು ಭಾರ. ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಿಸಿದರೆ ನಾಲ್ಕೂವರೆ ಮೀಟರ್ ಆಗುತ್ತದೆ. ಇಳಿಜಾರಿನಲ್ಲಿ ಕಾಲು ಬೇಗ ಬೇಗ ಸುತ್ತಬೇಕು, ಏರಿನಲ್ಲಿ ಮಂಡಿ ಉಳಿಯುತ್ತದೆ. ಚೈನಿಗೆ ಎರಡು ಕೊಂಡಿ ಸೇರಿಸಬೇಕಾಗಬಹುದು. ಮಡಿಕೇರಿಯಂಥ ಊರಾದರೆ ಮಾತ್ರ ಗೇರಿನದನ್ನೇ ತೆಗೆದುಕೊಳ್ಳಿ. ಹಿಂದೆ ಆರೇಳು ಗೇರಿದ್ದರೆ ಸಾಕು, ಮುಂದೆ ಮೂರು ಹಲ್ಲುಚಕ್ರ ಇದ್ದರೆ ಸಂಸಾರಕ್ಕೆ ರಿಪೇರಿಯಷ್ಟೇ ಹೆಚ್ಚು.

ಚೈನು ಪೂರ್ತಿ ಮುಚ್ಚುವ ಕವರು, ಎರಡೂ ಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡು, ಬೆಲ್ಲು, ಹಿಂದೆ ಕೆಂಪು ರಿಫ್ಲೆಕ್ಟರು: ಇವು ಇಲ್ಲದಿದ್ದರೆ ಕೊಳ್ಳುವಾಗಲೇ ಹಾಕಿಸಿಕೊಳ್ಳಿ.

ಮಗುವನ್ನು ಕೂರಿಸುವುದು

ಆಸರೆಯಿಲ್ಲದೆ ಗಟ್ಟಿಯಾಗಿ ಕೂರಲು, ಹೆಲ್ಮೆಟಿನ ಭಾರ ತಾಳಲು ಬರುವವರೆಗೆ ಮಗುವನ್ನು ಸೈಕಲ್ಲಿಗೆ ಹತ್ತಿಸಬಾರದು. ಅಂದರೆ ಹೆಚ್ಚುಕಡಿಮೆ ಒಂದು ವರ್ಷ ತುಂಬುವವರೆಗೆ. ಬೆನ್ನೊರಗು, ಬೆಲ್ಟು, ಕಾಲಿಗೆ ತಟ್ಟೆ ಇರುವ ಹಿಂಬದಿ ಸೀಟುಗಳು ಸಾಮಾನ್ಯವಾಗಿ 9ರಿಂದ 22 ಕಿಲೋ ತೂಕದ ಮಕ್ಕಳಿಗೆ. ಹ್ಯಾಂಡಲ್ಲಿನ ಹತ್ತಿರ ಕೂರಿಸುವ ಮುಂಬದಿ ಸೀಟುಗಳು 15 ಕಿಲೋವರೆಗೆ.

ಬಾರಿನ ಮೇಲೆ ಬಿಗಿಯುವ ಸಣ್ಣ ಸೀಟು ನಮ್ಮಲ್ಲಿ ಎಲ್ಲೆಡೆ ಇದೆ. ಅದಕ್ಕೆ ಬೆಲ್ಟಿಲ್ಲ, ಒರಗಿಲ್ಲ. ಕಾಲಿಡುವ ಕಂಬಿಯಿಂದ ಮಗುವಿನ ಪಾದ ಜಾರಿದರೆ ಅದು ಹೋಗುವುದು ಮುಂದಿನ ಚಕ್ರದ ಕಡ್ಡಿಗಳ ನಡುವೆ. ಪಾದ ಮುರಿಯುತ್ತದೆ, ಚಕ್ರ ಅಲ್ಲೇ ನಿಂತು ಸೈಕಲ್ ಪಲ್ಟಿ ಹೊಡೆಯುತ್ತದೆ. ಹಿಂದಿನ ಕ್ಯಾರಿಯರಿನ ಮೇಲೆ ಸುಮ್ಮನೆ ಕೂರಿಸಿದರೂ ಅಪಾಯ ಅದೇ. ಲೇಡೀಸ್ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಸೀರೆ ಸಿಗದಂತೆ ಹಾಕುವ ಬಲೆ ಅಥವಾ ಜಾಲರಿ ಇದೆಯಲ್ಲ, ಅದನ್ನು ಎರಡೂ ಬದಿಗೆ ಹಾಕಿಸಿ. ಸೀಟಿನ ಕೆಳಗಿನ ಸ್ಪ್ರಿಂಗಿಗೆ ಹಳೆಯ ಟ್ಯೂಬು ಸುತ್ತಿ ಕಟ್ಟಿ. ಹಿಂದೆ ಕೂತ ಮಗುವಿನ ಬೆರಳು ಹೋಗುವುದು ಅಲ್ಲಿಗೇ.

ಕ್ಯಾರಿಯರಿನ ಮೇಲೆ ಎಷ್ಟು ಕಿಲೋ ಎಂದು ಅಚ್ಚು ಹಾಕಿರುತ್ತದೆ. ಮಗುವಿನ ತೂಕ, ಸೀಟಿನ ತೂಕ ಸೇರಿ ಅದರೊಳಗಿರಬೇಕು. ಸೀಟಿನ ಪಿನ್ನಿಗೆ ಮಾತ್ರ ಕಚ್ಚಿಕೊಂಡು ಹಿಂದಕ್ಕೆ ಚಾಚಿರುವ ಕ್ಯಾರಿಯರು ಮಗುವಿಗೆ ಅಲ್ಲವೇ ಅಲ್ಲ. ಗುಂಡಿಗೆ ಬಿದ್ದಾಗ ಅದು ಕೆಳಗೆ ಕುಸಿದು ಟಯರಿಗೆ ತಾಗುತ್ತದೆ. ಕಾಲುಗಳು ಹಿಂದಿನ ಅಚ್ಚಿನ ಹತ್ತಿರ ಫ್ರೇಮಿಗೆ ಬೋಲ್ಟಾಗಿರಬೇಕು.

ಮಗುವನ್ನು ಹತ್ತಿಸುವಾಗ ಸೈಕಲ್ ಜೋಡಿ ಸ್ಟ್ಯಾಂಡಿನ ಮೇಲಿರಲಿ. ಸೈಡ್ ಸ್ಟ್ಯಾಂಡ್ ನಂಬಬೇಡಿ. ಜೋಡಿ ಸ್ಟ್ಯಾಂಡಿದ್ದರೂ ಒಂದು ಕೈ ಸೈಕಲ್ಲಿನ ಮೇಲಿರಬೇಕು. ಎಲ್ಲಕ್ಕೂ ಕೊನೆಗೆ ಮಗುವನ್ನು ಹತ್ತಿಸಿ, ಎಲ್ಲಕ್ಕೂ ಮೊದಲು ಇಳಿಸಿ. ಹಿಂದೆ 15 ಕಿಲೋ ಕೂತಾಗ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೂಗಾಡುತ್ತದೆ. ಮುಂದಿನ ಬುಟ್ಟಿಯಲ್ಲಿ ಎರಡು ಮೂರು ಕಿಲೋ ಸಾಮಾನಿದ್ದರೆ ಹತೋಟಿ ಬರುತ್ತದೆ. ಐದು ಕಿಲೋ ಮೀರಿದರೆ ಹ್ಯಾಂಡಲ್ ತಾನಾಗಿ ಒಂದು ಕಡೆಗೆ ವಾಲುತ್ತದೆ. ಮೊದಲ ದಿನ ಮಗುವಿನ ಬದಲು ಅಷ್ಟೇ ತೂಕದ ಅಕ್ಕಿ ಚೀಲ ಬಿಗಿದು ಬೀದಿಯಲ್ಲಿ ಹತ್ತು ಸುತ್ತು ಹೊಡೆಯಿರಿ.

ಮಗುವಿಗೇ ಸೈಕಲ್ ಕೊಳ್ಳುವಾಗ ‘ಬೆಳೀತಾನೆ, ದೊಡ್ಡದೇ ಇರಲಿ’ ಎನ್ನಬೇಡಿ. ಕೂತಾಗ ಎರಡೂ ಪಾದ ನೆಲಕ್ಕೆ ತಾಗಬೇಕು, ಬೆರಳು ಬ್ರೇಕ್ ಲಿವರಿಗೆ ಎಟುಕಬೇಕು. ಸುಮಾರಾಗಿ 100ರಿಂದ 115 ಸೆಂ.ಮೀ. ಎತ್ತರಕ್ಕೆ 16 ಇಂಚು, 130ರವರೆಗೆ 20, 145ರವರೆಗೆ 24. ಬದಿಯ ಪುಟ್ಟ ಚಕ್ರಗಳಿಗಿಂತ, ಪೆಡಲ್ ಬಿಚ್ಚಿಟ್ಟು ಕಾಲಿನಿಂದ ನೆಲ ತಳ್ಳಿಕೊಂಡು ಹೋಗಲು ಬಿಟ್ಟರೆ ಬ್ಯಾಲೆನ್ಸ್ ಬೇಗ ಬರುತ್ತದೆ. ಎಡ ಪೆಡಲಿನ ಮರೆ (ತಿರುಪಿನ ಸುತ್ತು) ಉಲ್ಟಾ ಎಂಬುದು ನೆನಪಿರಲಿ. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು.

ಮನೆಯಲ್ಲೇ ಇರುವುದು

2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡಲು ಶುರುಮಾಡಿದ ಸೈಕಲ್ಲುಗಳಲ್ಲಿ ಎಷ್ಟೋ ಇನ್ನೂ ಹಿತ್ತಿಲಲ್ಲಿ ನಿಂತಿವೆ. ಫ್ರೇಮು ಗಟ್ಟಿಯಿದ್ದರೆ ಹೊಸದು ಕೊಳ್ಳುವ ಮೊದಲು ಅದನ್ನು ನೋಡಿ. ಟಯರು, ಟ್ಯೂಬು, ಬ್ರೇಕ್ ರಬ್ಬರು, ಕೇಬಲ್ಲು, ಸೀಟು ಹೊಸದಾಗಿ ಹಾಕಿಸಿ, ಒಮ್ಮೆ ಓವರ್‌ಆಯ್ಲಿಂಗ್ ಮಾಡಿಸಿದರೆ ಸಾಕು. ಸೀಟಿನ ಪಿನ್ನು ತುಕ್ಕಿಗೆ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ, ಬೆಳಿಗ್ಗೆ ತಿರುಚುತ್ತಾ ಎಳೆಯಿರಿ.

ಮೂಲೆಗೆ ಬಿದ್ದ ಗೇರ್ ಸೈಕಲ್ಲಿಗೂ ಬಾಗಿದ ಹ್ಯಾಂಡಲ್ ಹಾಕಿಸಬಹುದು. ಕುತ್ತಿಗೆಯ ಹಿಡಿತ 25.4 ಮಿ.ಮೀ. ಇದ್ದರೆ ಸುಲಭ, 31.8 ಇದ್ದರೆ ಕುತ್ತಿಗೆಯನ್ನೂ ಬದಲಿಸಬೇಕು. ಹಿಡಿಗಳು ಹಿಂದೆ ಬರುವುದರಿಂದ ಹಳೆಯ ಬ್ರೇಕ್ ಕೇಬಲ್ಲು ಸಾಲದೆ ಬರಬಹುದು. ಎಳೆದು ಕಟ್ಟಿಸಿದರೆ ಹ್ಯಾಂಡಲ್ ತಿರುಗಿಸಿದಾಗ ಬ್ರೇಕ್ ತಾನೇ ಹಿಡಿಯುತ್ತದೆ, ಉದ್ದದ್ದನ್ನೇ ಹಾಕಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹ್ಯಾಂಡಲ್ ಕೊಳವೆಯ ಹಿಂದೆ, ಫ್ರೇಮಿನ ಕೆಳಬದಿಯಲ್ಲಿ ಬೆರಳಾಡಿಸಿ. ಬಣ್ಣ ಬಿರಿದು ಉಬ್ಬು ಸಿಕ್ಕರೆ ಅದು ಎದುರಿಗೆ ಗುದ್ದಿದ ಸೈಕಲ್. ಪಕ್ಕದಿಂದ ನೋಡಿದಾಗ ಫೋರ್ಕಿನ ಮೇಲ್ಭಾಗ ಹ್ಯಾಂಡಲ್ ಕೊಳವೆಯ ಗೆರೆಯಲ್ಲೇ ಇಳಿಯಬೇಕು; ಹಿಂದಕ್ಕೆ ಸರಿದಿದ್ದರೆ ಬೇಡ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕುತ್ತಿಗೆಯಲ್ಲಿ ಕಟಕಟ ಎಂದರೆ ಅಲ್ಲಿನ ಬೇರಿಂಗಿನ ಬಟ್ಟಲು (ಕಪ್) ಸಡಿಲವಾಗಿದೆ, ಇಲ್ಲವೇ ಸವೆದಿದೆ. ಅದು ಸಣ್ಣ ಖರ್ಚು, ಚೌಕಾಸಿಗೆ ಒಳ್ಳೆಯ ನೆಪ.

ತಂದ ಮೇಲೆ

ಹೊಸ ಸೈಕಲ್ ಮೊದಲ 100 ಕಿ.ಮೀ. ಒಳಗೆ ಸಡಿಲವಾಗುತ್ತದೆ. ಕಡ್ಡಿಗಳು ಕೂರುತ್ತವೆ, ಕೇಬಲ್ ಹಿಗ್ಗುತ್ತದೆ, ಎಡಗಡೆಯ ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, ಕಟ್ ಕಟ್ ಎನ್ನತೊಡಗುತ್ತದೆ. ಆ ಸದ್ದಿನಲ್ಲೇ ಹದಿನೈದು ದಿನ ಓಡಿಸಿದರೆ ತೂತು ಅಗಲವಾಗಿ, ಆಮೇಲೆ ಎಷ್ಟು ಬಿಗಿದರೂ ನಿಲ್ಲದು, ಕ್ರ್ಯಾಂಕೇ ಬದಲಿಸಬೇಕು. ತಿಂಗಳೊಳಗೆ ಒಮ್ಮೆ ಅಂಗಡಿಗೆ ಒಯ್ದು ಕ್ರ್ಯಾಂಕು, ಅದನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನು, ಹ್ಯಾಂಡಲ್, ಕ್ಯಾರಿಯರಿನ ಬೋಲ್ಟುಗಳನ್ನು ಬಿಗಿಸಿ, ಚಕ್ರದ ಬೆಂಡು ತೆಗೆಸಿ. ಚೈನು ನಡುವೆ ಬೆರಳಿಟ್ಟು ಒತ್ತಿದರೆ ಒಂದು, ಒಂದೂವರೆ ಸೆಂ.ಮೀ. ಆಡಬೇಕು. ಹೆಚ್ಚಾದರೆ ಕಳಚುತ್ತದೆ, ಕಡಿಮೆಯಾದರೆ ತುಳಿತ ಭಾರ. ಚೈನಿಗೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ಗ್ಯಾರೇಜಿನ ಕರಿ ಎಣ್ಣೆ ಮಣ್ಣು ಕಚ್ಚಿಕೊಂಡು ಹಲ್ಲು ತಿನ್ನುತ್ತದೆ.

ಪಂಕ್ಚರ್ ಇಲ್ಲದೆಯೂ ಎರಡು ದಿನಕ್ಕೊಮ್ಮೆ ಗಾಳಿ ಇಳಿಯುತ್ತಿದ್ದರೆ ಹಳೆಯ ಬಗೆಯ ವಾಲ್ವಿನೊಳಗಿನ ರಬ್ಬರ್ ನಳಿಕೆ ಒಣಗಿರುತ್ತದೆ. ಅದನ್ನು ಬದಲಿಸಲು ಎರಡು ನಿಮಿಷ. ಮುಂದಿನ ಸಲ ಟ್ಯೂಬ್ ಹಾಕಿಸುವಾಗ ಮೋಟರ್ ಬೈಕಿನ ಬಗೆಯ ವಾಲ್ವ್ ಇರುವುದನ್ನು ಕೇಳಿ. ಗಾಳಿ ಅಳೆಯಲೂ ಬರುತ್ತದೆ, ಬಂಕಿನಲ್ಲಿ ತುಂಬಿಸಲೂ ಬರುತ್ತದೆ. ಬಂಕಿನ ಒತ್ತಡ ಜೋರು, ಚೂರು ಚೂರೇ ಬಿಡಲು ಹೇಳಿ.